ಸ್ಟೆಂಟಿಗೆ ಹತ್ತು ಲಕ್ಷ, ಗುಳಿಗೆಗೆ ಕೈಸಾಲ

ಹೃದಯ ವೈಫಲ್ಯದ ರೋಗಿ ದಿನಾ ನುಂಗಬೇಕಾದ ನಾಲ್ಕೈದು ಬಗೆಯ ಗುಳಿಗೆಗಳಲ್ಲಿ ಈ ತಿಂಗಳು ಯಾವುದನ್ನು ಬಿಡುವುದು ಎಂಬ ತೀರ್ಮಾನ ನಮ್ಮ ಸೀಮೆಯಲ್ಲಿ ಔಷಧದಂಗಡಿಯ ಗಲ್ಲೆಯ ಮುಂದೆ ಆಗುತ್ತದೆ. ಚೀಟಿ ಬರೆದ ಡಾಕ್ಟರು ಆ ಹೊತ್ತಿಗೆ ಹೈದರಾಬಾದಿನಲ್ಲೋ ರಾಯಚೂರಿನಲ್ಲೋ ಇರುತ್ತಾರೆ. ಗಲ್ಲೆಯ ಈಚೆ ನಾನು, ಆಚೆ ರೋಗಿಯ ಮಗನೋ ಸೊಸೆಯೋ, ನಡುವೆ ನಾಲ್ಕು ಮಡಿಕೆ ಬಿದ್ದ ಚೀಟಿ ಮತ್ತು ಬೆವರಿಗೆ ಮೆತ್ತಗಾದ ಒಂದೆರಡು ನೋಟು.

ನಾನು ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಮಕ್ತಲ್‌ನಲ್ಲಿ ಔಷಧದಂಗಡಿ ಇಟ್ಟವನು. ಶಾಲೆ ಓದಿದ್ದು ಕನ್ನಡ ಮಾಧ್ಯಮದಲ್ಲಿ, ಫಾರ್ಮಸಿ ಡಿಪ್ಲೊಮಾ ಮಾಡಿದ್ದು ರಾಯಚೂರಿನಲ್ಲಿ. ಕೃಷ್ಣಾ ಮಂಡಲದ ಕನ್ನಡದವರು, ಊಟಕೂರು ಕಡೆಯ ತೆಲುಗಿನವರು, ಒಂದೇ ಮಾತಿನಲ್ಲಿ ಎರಡನ್ನೂ ಕಲಸಿ ಆಡುವವರು, ಎಲ್ಲರೂ ನನ್ನ ಗಿರಾಕಿಗಳು. ನಾರಾಯಣಪೇಟೆಯ ಮಗ್ಗದವರು ಬರುತ್ತಾರೆ. ಗದ್ವಾಲ ಕಡೆ ಹತ್ತಿಬೀಜದ ಹೊಲಗಳಿಗೆ ಕೂಲಿ ಹೋಗುವವರು ಬರುತ್ತಾರೆ. ಮುಂಬೈ, ಪುಣೆ, ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡಿ, ಮೈಯಲ್ಲಿ ಕಸುವು ಹೋದಮೇಲೆ ಊರಿಗೆ ಮರಳಿದವರು ಬರುತ್ತಾರೆ. ಈ ಕೊನೆಯವರಲ್ಲಿ ಐವತ್ತು ದಾಟಿದವರನ್ನು ಕಂಡರೆ ಈಗೀಗ ಮೊದಲು ಅವರ ಪಾದ ನೋಡುವ ರೂಢಿ ನನಗೆ ಬಿದ್ದಿದೆ. ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿದೆಯೇ, ಕಣಕಾಲಿನ ಮೂಳೆ ಕಾಣುತ್ತದೆಯೇ ಎಂದು.

ಮಾತು ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತದೆ.

“ಅಣ್ಣಾ, ಇವು ಎಲ್ಲಾ ಸೇರಿ ಎಷ್ಟ ಆಗ್ತಾವು?”

ನಾನು ಲೆಕ್ಕ ಹೇಳುತ್ತೇನೆ. ಅವರು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ.

“ಹಂಗಾದ್ರ ಉಚ್ಚಿ ಗುಳಿಗಿ ತಿಂಗಳದ್ದು ಕೊಡ್ರಿ. ಉಳಿದವು ಹತ್ತ ದಿನದ್ದು ಕೊಡ್ರಿ. ಪಗಾರ ಆದಮ್ಯಾಲ ಬಂದು ಒಯ್ತೀನಿ.”

ಹತ್ತು ದಿನ ಮುಗಿದಮೇಲೆ ಬಹಳ ಜನ ಬರುವುದಿಲ್ಲ. ಬಂದರೂ ಉಚ್ಚೆ ಗುಳಿಗೆಗೆ ಬರುತ್ತಾರೆ.

ಇದರಲ್ಲಿ ಅವರ ದಡ್ಡತನವೇನೂ ಇಲ್ಲ. ಹೃದಯ ವೈಫಲ್ಯ ಎಂದರೆ ಹೃದಯ ನಿಂತುಹೋಗುವುದಲ್ಲ. ರಕ್ತ ತಳ್ಳುವ ಅದರ ಬಲ ಕುಂದುವುದು. ಬೋರಿನ ಪಂಪಿನ ಒತ್ತಡ ಇಳಿದರೆ ಕೊನೆಯ ಸಾಲಿಗೆ ನೀರು ಮುಟ್ಟದ ಹಾಗೆ ಮೈಯ ತುದಿತುದಿಗೆ ರಕ್ತ ಸರಿಯಾಗಿ ಹೋಗುವುದಿಲ್ಲ. ನೀರು ಹಿಂದಕ್ಕೆ ನಿಂತು ಕಾಲು ಬಾಯುತ್ತದೆ, ಪುಪ್ಪುಸದಲ್ಲಿ ತುಂಬಿ ದಮ್ಮು ಹತ್ತುತ್ತದೆ. ಮಲಗಿದರೆ ಉಸಿರು ಕಟ್ಟಿ, ರಾತ್ರಿಯಿಡೀ ಗೋಡೆಗೆ ಒರಗಿ ಕೂರಬೇಕಾಗುತ್ತದೆ. ಉಚ್ಚೆ ಗುಳಿಗೆ ಎಂದು ಜನ ಕರೆಯುವ ಫ್ಯೂರೊಸಮೈಡ್ ನುಂಗಿದರೆ ನೀರು ಇಳಿದು ಅದೇ ದಿನ ಸಂಜೆಗೆ ಹಗುರಾಗುತ್ತದೆ. ಆದರೆ ಆಯಸ್ಸು ಹೆಚ್ಚಿಸುವ ಗುಳಿಗೆಗಳು ಬೇರೆ. ಹೃದಯದ ಬಡಿತ ತಗ್ಗಿಸಿ ಕಾಯುವ ಬೀಟಾ ಬ್ಲಾಕರ್, ರಕ್ತನಾಳ ಸಡಿಲಿಸುವ ರಾಮಿಪ್ರಿಲ್‌ನಂಥವು ಅಥವಾ ಅದರ ಜಾಗಕ್ಕೆ ಬಂದ ಸಕುಬಿಟ್ರಿಲ್-ವಾಲ್ಸಾರ್ಟನ್, ಸ್ಪೈರೊನೊಲ್ಯಾಕ್ಟೋನ್, ಇತ್ತೀಚೆಗೆ ಸೇರಿದ ಡಾಪಾಗ್ಲಿಫ್ಲೊಜಿನ್. ಇವನ್ನು ನುಂಗಿದ ದಿನ ಏನೂ ಅನ್ನಿಸುವುದಿಲ್ಲ. ಬಿಟ್ಟ ದಿನವೂ ಏನೂ ಅನ್ನಿಸುವುದಿಲ್ಲ. ತಿಂಗಳುಗಟ್ಟಲೆ ಬಿಟ್ಟಾಗ ಒಂದು ರಾತ್ರಿ ದಮ್ಮು ಹತ್ತಿ ಆಂಬುಲೆನ್ಸ್ ಬರುತ್ತದೆ. ಕೈಯಲ್ಲಿ ಇನ್ನೂರು ರೂಪಾಯಿ ಇದ್ದವರು ಇವತ್ತಿನ ಉಸಿರನ್ನು ಕೊಳ್ಳುತ್ತಾರೆ. ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು.

ಇದು ಒಂದು ಅಂಗಡಿಯ ಕಥೆ ಎಂದು ತಳ್ಳಿಹಾಕುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ಡಾ. ಹರಿಕೃಷ್ಣನ್ ಮತ್ತು ಸಂಗಡಿಗರು ದೇಶದ 53 ಆಸ್ಪತ್ರೆಗಳಲ್ಲಿ 2019 ಮತ್ತು 2020ರಲ್ಲಿ ಹೃದಯ ವೈಫಲ್ಯಕ್ಕೆ ದಾಖಲಾದ 10,851 ಜನರ ಬೆನ್ನುಹತ್ತಿ ಲೆಕ್ಕ ಇಟ್ಟರು. 2022ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ 90 ದಿನಗಳೊಳಗೆ ಸತ್ತವರು ಶೇ 14.2. ಅದೇ ಲೆಕ್ಕವನ್ನು ಓದಿನ ಮಟ್ಟದ ಪ್ರಕಾರ ಬಿಡಿಸಿದಾಗ, ಅತಿ ಕಡಿಮೆ ಓದಿದವರಲ್ಲಿ ಶೇ 17 ಮಂದಿ, ಅತಿ ಹೆಚ್ಚು ಓದಿದವರಲ್ಲಿ ಶೇ 10ರ ಆಸುಪಾಸು ಮಂದಿ ಸತ್ತಿದ್ದರು. ಕಾಯಿಲೆ ಒಂದೇ, ದೇಶ ಒಂದೇ, ಮೂರೇ ತಿಂಗಳ ಅವಧಿ. ಬರೆದುಕೊಡಬೇಕಾದ ಔಷಧಗಳನ್ನು ಕ್ರಮವಾಗಿ ಪಡೆದವರು ಅರ್ಧಕ್ಕಿಂತ ಕಡಿಮೆ, ಶೇ 47.5. ಪಡೆಯದವರಲ್ಲಿ ಸಾವು ಹೆಚ್ಚು. ಅಂದರೆ ಕೊರತೆ ನನ್ನ ಗಲ್ಲೆಗೆ ಬರುವ ಮುಂಚೆ, ಚೀಟಿಯಲ್ಲೇ ಶುರುವಾಗಿರುತ್ತದೆ.

ಬಡವರು ಬೀಡಿ ಸೇದುತ್ತಾರೆ, ಸೇಂದಿ ಕುಡಿಯುತ್ತಾರೆ, ಅದಕ್ಕೇ ಬೇಗ ಹೋಗುತ್ತಾರೆ ಎಂದು ಅಂಗಡಿಯ ಕಟ್ಟೆಯ ಮೇಲೆ ಕೂತು ಹೇಳುವವರಿಗೇನೂ ಕಡಿಮೆಯಿಲ್ಲ. ಬೀಡಿ ಇದೆ, ಸೇಂದಿ ಇದೆ, ಎರಡೂ ಹೃದಯವನ್ನು ಹಾಳುಮಾಡುತ್ತವೆ. ಆದರೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡಾ. ಡೆನಿಸ್ ಝೇವಿಯರ್ ಮತ್ತು ಇತರರು 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತಿಗೆ ಉತ್ತರ ಕೊಟ್ಟಿದೆ. 50 ಊರುಗಳ 89 ಆಸ್ಪತ್ರೆಗಳಲ್ಲಿ ಹೃದಯಾಘಾತ ಮತ್ತು ಅದಕ್ಕೆ ಹತ್ತಿರದ ಎದೆನೋವಿಗೆ ಸೇರಿದ 20,468 ರೋಗಿಗಳನ್ನು ಅವರು ನೋಡಿದರು. 30 ದಿನಗಳಲ್ಲಿ ಬಡವರಲ್ಲಿ ಸತ್ತವರು ಶೇ 8.2, ಸಿರಿವಂತರಲ್ಲಿ ಶೇ 5.5. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನು, ಬೀಟಾ ಬ್ಲಾಕರ್, ಕೊಲೆಸ್ಟರಾಲ್ ಗುಳಿಗೆ, ಆಂಜಿಯೋಪ್ಲಾಸ್ಟಿ ಎಲ್ಲವೂ ಬಡವರಿಗೆ ಕಡಿಮೆ ಸಿಕ್ಕಿದ್ದವು. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿದೂಗಿಸಿ ನೋಡಿದಾಗ ಸಾವಿನ ಆ ಅಂತರವೇ ಮಾಯವಾಯಿತು. ಬಡವನ ಹೃದಯ ಬೇರೆ ಮಣ್ಣಿನದಲ್ಲ. ಅವನಿಗೆ ಚಿಕಿತ್ಸೆ ಕಡಿಮೆ ಬಿತ್ತು, ಅಷ್ಟೇ. ಹೃದಯಾಘಾತದಿಂದ ಬದುಕುಳಿದವರಲ್ಲೇ ಬಹಳ ಮಂದಿ ಮುಂದೆ ಹೃದಯ ವೈಫಲ್ಯದ ರೋಗಿಗಳಾಗುವುದರಿಂದ ಈ ಎರಡು ಲೆಕ್ಕಗಳನ್ನು ನಾನು ಒಟ್ಟಿಗೆ ಓದುತ್ತೇನೆ.

ಓದಿನ ಮಾತಿಗೆ ಬರುತ್ತೇನೆ. 2011ರ ಜನಗಣತಿಯನ್ನು ಇಂದಿನ ಜಿಲ್ಲೆಗಳಿಗೆ ಹಂಚಿ ನೋಡಿದರೆ ಜೋಗುಳಾಂಬ ಗದ್ವಾಲ, ನಾರಾಯಣಪೇಟೆ ಎರಡರಲ್ಲೂ ಸಾಕ್ಷರತೆ ಶೇ 50ರ ಆಸುಪಾಸು. ತೆಲಂಗಾಣದಲ್ಲೇ ಕೆಳಗಿನ ಸಾಲು. ಇದು ನನ್ನ ಅಂಗಡಿಯಲ್ಲಿ ಹೇಗೆ ಕಾಣುತ್ತದೆ ಎಂದರೆ, ಜನ ಗುಳಿಗೆಯನ್ನು ಬಣ್ಣದಿಂದ ಗುರುತು ಹಿಡಿಯುತ್ತಾರೆ. ‘ಸಣ್ಣ ಹಳದಿದು’, ‘ಕೆಂಪು ಉದ್ದಂದು’. ಹೋದ ತಿಂಗಳ ಕಂಪನಿಯ ಮಾಲು ಬರದೆ ಬೇರೆ ಕಂಪನಿಯದು ಕೊಟ್ಟರೆ ಬಣ್ಣ ಬದಲಾಗುತ್ತದೆ. ಕೆಲವರು ಇದು ನಮ್ಮದಲ್ಲ ಎಂದು ಮನೆಯಲ್ಲಿಟ್ಟು ಬಿಡುತ್ತಾರೆ. ಕೆಲವರು ಹಳೆಯದು ಉಳಿದಿದ್ದರೆ ಎರಡನ್ನೂ ನುಂಗುತ್ತಾರೆ. ಬಡಿತ ತೀರಾ ಇಳಿದು ತಲೆಸುತ್ತಿ ಬೀಳುತ್ತಾರೆ. ಹತ್ತು ದಿನದ್ದು ಕೊಡಿ ಎಂದಾಗ ಶೀಟನ್ನು ಕತ್ತರಿಯಲ್ಲಿ ಕತ್ತರಿಸಬೇಕು. ಹೆಸರು, ಅವಧಿ ಮುಗಿಯುವ ತಾರೀಕು ಇರುವ ತುದಿ ಅಂಗಡಿಯಲ್ಲೇ ಉಳಿಯಬೇಕೆಂಬುದು ನಮ್ಮ ಕಸುಬಿನ ಪದ್ಧತಿ. ಆದ್ದರಿಂದ ಅವರ ಕೈಗೆ ಹೋಗುವುದು ಹೆಸರಿಲ್ಲದ ಬೆಳ್ಳಿ ಬಣ್ಣದ ತುಂಡು. ಆ ತುಂಡನ್ನು ಹಿಡಿದು ಇನ್ನೊಂದು ಊರಿನ ಅಂಗಡಿಗೆ ಹೋದರೆ ಇದು ಯಾವುದೆಂದು ಹೇಳಲು ಅಲ್ಲಿಯವರಿಗೂ ಆಗುವುದಿಲ್ಲ. ಬಡತನ ಶೀಟನ್ನು ಕತ್ತರಿಸುತ್ತದೆ, ಕತ್ತರಿಸಿದ ಶೀಟು ಓದು ಬಾರದವರನ್ನು ಇನ್ನಷ್ಟು ಕತ್ತಲೆಗೆ ತಳ್ಳುತ್ತದೆ. ನಾನು ಪ್ರತಿ ತುಂಡಿನ ಹಿಂದೆ ಮಾರ್ಕರ್ ಪೆನ್ನಿನಿಂದ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದು, ಬೇರೆ ಬೇರೆ ಕಾಗದದ ಪೊಟ್ಟಣಕ್ಕೆ ಹಾಕಿ ಕೊಡುತ್ತೇನೆ. ಒಂದು ಅಂಗಡಿಯಿಂದ ಆಗುವುದು ಅಷ್ಟು.

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಹಾಳೆಯನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಐದಾರು ಪುಟ, ಪೂರ್ತಿ ಇಂಗ್ಲಿಷು. ಪರೀಕ್ಷೆಗಳ ಅಂಕಿಗಳ ನಡುವೆ, ಕೊನೆಯ ಪುಟದ ಕೆಳಗೆ, ಉಪ್ಪು ಇಷ್ಟು, ನೀರು ಇಷ್ಟು, ತೂಕ ದಿನಾ ನೋಡಿಕೊಳ್ಳಿ ಎಂದು ಎರಡು ಸಾಲು. ಹೈದರಾಬಾದಿನಲ್ಲಿ ನರ್ಸಮ್ಮ ಅದನ್ನು ತೆಲುಗಿನಲ್ಲಿ ಒಮ್ಮೆ ಹೇಳಿರುತ್ತಾಳೆ. ಕೇಳಿಸಿಕೊಂಡವಳು ಗುಡೇಬಲ್ಲೂರು ಕಡೆಯ ಹೆಣ್ಣುಮಗಳು. ಮನೆಯಲ್ಲಿ ಕನ್ನಡ, ಓದು ಮೂರನೆಯ ಇಯತ್ತೆಗೆ ನಿಂತದ್ದು. ಗಂಡನನ್ನು ಗಾಲಿಕುರ್ಚಿಯಿಂದ ಇಳಿಸಿಕೊಳ್ಳುವ, ಬಿಲ್ಲಿನ ಚಿಂತೆಯ, ಬಸ್ಸಿನ ಚಿಂತೆಯ ಗಡಿಬಿಡಿಯಲ್ಲಿ ಅವಳಿಗೆ ಅದೆಷ್ಟು ಕೇಳಿಸಿತು? ಓದಿದ ಮನೆಯಲ್ಲಾದರೆ ಮಗ ಆ ಹಾಳೆಯನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ಬೆಂಗಳೂರಿನ ಅಕ್ಕನಿಗೆ ಕಳಿಸುತ್ತಾನೆ, ಅಕ್ಕ ತನಗೆ ಪರಿಚಯದ ಡಾಕ್ಟರಿಗೆ ತೋರಿಸುತ್ತಾಳೆ, ಸಂಜೆಯೊಳಗೆ ಮನೆಯವರಿಗೆಲ್ಲ ವಿಷಯ ತಿಳಿದಿರುತ್ತದೆ. ಓದು ಎಂದರೆ ಒಬ್ಬನ ತಲೆಯೊಳಗಿನ ಅಕ್ಷರ ಮಾತ್ರವಲ್ಲ. ಕೇಳಲು ಯಾರಾದರೂ ಇದ್ದಾರೆ ಎಂಬ ಧೈರ್ಯವೂ ಅದರಲ್ಲಿ ಸೇರಿದೆ.

ಆಸ್ಪತ್ರೆಗೆ ಹೋಗುವ ಮುಂಚಿನ ತಿಂಗಳುಗಳಲ್ಲಿ ಆಗುವ ಹಾನಿ ಇನ್ನೂ ದೊಡ್ಡದು. ದಮ್ಮು ಎಂದು ಹೋದರೆ ಊರಿನ ಆರ್‌ಎಂಪಿ, ಅಂದರೆ ವೈದ್ಯ ಪದವಿಯಿಲ್ಲದ ಹಳ್ಳಿ ಡಾಕ್ಟರು, ಆಸ್ತಮಾ ಎಂದು ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಹೊಟ್ಟೆ ಉಬ್ಬರಿಸಿದರೆ ಗ್ಯಾಸ್. ಕಾಲು ಬಾತರೆ ನಿಶ್ಶಕ್ತಿ, ಅದಕ್ಕೊಂದು ಸಲೈನ್ ಬಾಟಲಿ. ಕುಣಿಮಗ್ಗದಲ್ಲಿ ಕೂತು ಕೂತು ಸೊಂಟ ಮೊಣಕಾಲು ಹಿಡಿದವರಿಗೆ ನೋವಿನ ಗುಳಿಗೆ, ವಾರಕ್ಕೆ ಒಂದೆರಡು ಸಲ ಸೂಜಿ. ಸ್ಟಿರಾಯ್ಡು, ಡೈಕ್ಲೊಫೆನಾಕ್‌ನಂಥ ನೋವಿನ ಔಷಧ, ಇವೆರಡೂ ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತವೆ. ಸೋತ ಹೃದಯಕ್ಕೆ ನೇರವಾಗಿ ಸಲೈನ್ ಏರಿಸಿದರೆ ಕೇಳುವುದೇ ಬೇಡ. ಆರ್‌ಎಂಪಿಗಳನ್ನು ಬೈದು ಪ್ರಯೋಜನವಿಲ್ಲ. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದರೆ ಎದ್ದು ಬರುವವರು ಅವರೊಬ್ಬರೇ, ಉದ್ರಿ ಕೊಡುವವರೂ ಅವರೇ. ಸಮತಟ್ಟಾಗಿ ಮಲಗಲು ಆಗದ ದಮ್ಮು, ಬಾತ ಕಾಲು ಎರಡೂ ಒಟ್ಟಿಗೆ ಇದ್ದರೆ ಸೂಜಿ ಹಾಕಬೇಡಿ, ಹೃದಯದ ಎಕೋ ಸ್ಕ್ಯಾನ್ ಮಾಡಿಸಲು ಕಳಿಸಿ ಎಂಬ ಒಂದು ಮಾತನ್ನು ಜಿಲ್ಲಾ ಆರೋಗ್ಯ ಇಲಾಖೆ ಅವರಿಗೆ ಕಲಿಸಿದರೂ ಬಹಳ ಜೀವ ಉಳಿಯುತ್ತವೆ.

ಉಪ್ಪಿನ ವಿಷಯವನ್ನು ಡಾಕ್ಟರುಗಳು ಬಲು ಹಗುರಾಗಿ ಹೇಳುತ್ತಾರೆ. ಉಪ್ಪು ಕಡಿಮೆ ಮಾಡಿ! ಕೂಲಿಗೆ ಹೋಗುವವರ ಬುತ್ತಿಯಲ್ಲಿ ಏನಿರುತ್ತದೆ ಎಂದು ಬಿಚ್ಚಿ ನೋಡಿದರೆ ಜೋಳದ ರೊಟ್ಟಿ, ಕೆಂಪು ಖಾರ, ಶೇಂಗಾ ಹಿಂಡಿ, ಉಪ್ಪಿನಕಾಯಿಯ ಒಂದು ಹೋಳು. ಕಾಯಿಪಲ್ಯ ದಿನಾ ಕೊಳ್ಳಲಾಗದ ಮನೆಯಲ್ಲಿ ರೊಟ್ಟಿಯನ್ನು ಗಂಟಲಲ್ಲಿ ಇಳಿಸುವುದು ಉಪ್ಪು ಖಾರವೇ. ಸಪ್ಪೆ ಊಟ ಮಾಡಬೇಕೆಂದರೆ ಬೇಳೆ, ಸೊಪ್ಪು, ಮೊಸರಿಗೆ ದುಡ್ಡು ಬೇಕು. ಅದೇ ರೀತಿ ನೀರು ಅಳತೆಯಲ್ಲಿ ಕುಡಿಯಿರಿ ಎಂಬ ಮಾತು, ಏಪ್ರಿಲ್ ಬಿಸಿಲಿನಲ್ಲಿ ಹೊಲದಲ್ಲಿ ನಿಂತವನಿಗೆ. ವಿಶ್ರಾಂತಿ ತೆಗೆದುಕೊಳ್ಳಿ ಎಂಬ ಮಾತು, ಮಲಗಿದ ದಿನ ಕೂಲಿ ಇಲ್ಲದವಳಿಗೆ. ಸಲಹೆ ತಪ್ಪಲ್ಲ. ಅದನ್ನು ಪಾಲಿಸಲು ಬೇಕಾದ ಬದುಕು ಅವರ ಹತ್ತಿರ ಇಲ್ಲ. ನಾನು ಹೇಳುವುದು ಇಷ್ಟು: ರೊಟ್ಟಿಯ ಹಿಟ್ಟಿಗೆ ಉಪ್ಪು ಹಾಕಬೇಡಿ, ಉಪ್ಪಿನಕಾಯಿ ಬಿಡಿ, ಖಾರಕ್ಕೆ ಹುಣಸೆಹುಳಿ ಜಾಸ್ತಿ ಹಾಕಿ, ಪುಂಡಿಪಲ್ಯ ಹುಳಿಯಾಗಿ ಮಾಡಿ ಉಪ್ಪು ಅರ್ಧ ಮಾಡಿ. ಹುಳಿ ಇದ್ದರೆ ಉಪ್ಪಿನ ಕೊರತೆ ನಾಲಿಗೆಗೆ ಅಷ್ಟು ತಿಳಿಯುವುದಿಲ್ಲ. ಹೀಗೆ ಮನೆಯ ಒಲೆಯ ಮಟ್ಟಕ್ಕೆ ಇಳಿದು ಹೇಳಿದರೆ ಸೊಸೆಯಂದಿರು ಕೇಳುತ್ತಾರೆ, ಮಾಡುತ್ತಾರೆ.

ತೂಕದ ವಿಷಯವೂ ಹಾಗೆಯೇ. ಎರಡು ಮೂರು ದಿನದಲ್ಲಿ ಎರಡು ಕಿಲೊ ಏರಿದರೆ ಅದು ಮಾಂಸವಲ್ಲ, ನೀರು. ಕಾಲು ಬಾಯುವ ಮುಂಚೆಯೇ ಕಾಂಟಾ ಅದನ್ನು ಹೇಳುತ್ತದೆ. ಆಗಲೇ ಡಾಕ್ಟರಿಗೆ ಫೋನು ಮಾಡಿ ಉಚ್ಚೆ ಗುಳಿಗೆಯ ಅಳತೆ ಬದಲಿಸಿಕೊಂಡರೆ ಎಷ್ಟೋ ಸಲ ಆಸ್ಪತ್ರೆ ತಪ್ಪುತ್ತದೆ. ಹತ್ತಿಯ ಚೀಲ ತೂಗುವ ಕಾಂಟಾ ಇರುವ ಊರುಗಳಲ್ಲಿ ಮನುಷ್ಯರನ್ನು ತೂಗುವ ಕಾಂಟಾ ಇಲ್ಲ. ನನ್ನ ಅಂಗಡಿಯ ಮೆಟ್ಟಿಲ ಮೇಲೆ ಒಂದು ಇಟ್ಟಿದ್ದೇನೆ, ಯಾರೂ ದುಡ್ಡು ಕೊಡಬೇಕಿಲ್ಲ. ಕ್ಯಾಲೆಂಡರಿನ ಹಾಳೆ ಹರಿದುಕೊಂಡು ಬಂದು ತಾರೀಕಿನ ಪಕ್ಕ ತೂಕ ಬರೆಸಿಕೊಂಡು ಹೋಗುವ ಒಬ್ಬ ಅಜ್ಜ ಇದ್ದಾನೆ. ತಾನು ಓದಲಾರ, ಆದರೆ ಅಂಕಿ ನಿನ್ನೆಯದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ನನಗಿಂತ ಮುಂಚೆ ಕೇಳುತ್ತಾನೆ. ಶಾಲೆಗೆ ಹೋಗದವರಿಗೆ ಇವೆಲ್ಲ ಕಲಿಸಲಾಗದು ಎನ್ನುವವರು ಅವನನ್ನು ನೋಡಬೇಕು.

ಹೆಣ್ಣುಮಕ್ಕಳ ಮಾತು ಬೇರೆಯೇ ಹೇಳಬೇಕು. ಮೇಲೆ ಹೇಳಿದ ರಾಷ್ಟ್ರೀಯ ಲೆಕ್ಕದಲ್ಲಿ ಆಸ್ಪತ್ರೆ ಸೇರಿದವರಲ್ಲಿ ಹೆಂಗಸರು ಶೇ 31 ಮಾತ್ರ. ಆಸ್ಪತ್ರೆಗೆ ಬಾರದ ಹೆಂಗಸರ ಹೃದಯ ಗಟ್ಟಿಯಾಗಿದೆ ಎಂದು ನಾನು ನಂಬಲಾರೆ. ಗಂಡನಿಗೆ ದಮ್ಮು ಹತ್ತಿದರೆ ಜೀಪು ಬರುತ್ತದೆ. ಹೆಂಡತಿಗೆ ಹತ್ತಿದರೆ ಸುಗ್ಗಿ ಮುಗಿಯಲಿ ಎನ್ನುತ್ತಾರೆ, ಅವಳೂ ಹಾಗೆಯೇ ಎನ್ನುತ್ತಾಳೆ. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ನೋವು ಬಂದು ಹೃದಯದ ಕವಾಟ ಕೆಟ್ಟ ಹುಡುಗಿಯರು ಮೊದಲ ಬಸುರಿನಲ್ಲಿ ದಮ್ಮು ಹತ್ತಿ ಬೀಳುತ್ತಾರೆ. ರುಮ್ಯಾಟಿಕ್ ಹೃದಯ ರೋಗ ಎಂಬ ಇದು ಇಕ್ಕಟ್ಟಿನ ಮನೆಗಳ, ಬಡತನದ ಕಾಯಿಲೆ. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ತಪ್ಪದೆ ಬಿದ್ದರೆ ಕವಾಟ ಮತ್ತೆ ಕೆಡುವುದನ್ನು ತಡೆಯಬಹುದು. ಮಗಳನ್ನು ಮೂರು ವಾರಕ್ಕೊಮ್ಮೆ, ವರ್ಷಾನುಗಟ್ಟಲೆ, ಕೂಲಿ ಬಿಟ್ಟು ಕರೆತರುವ ತಂದೆತಾಯಿ ಎಷ್ಟು ಜನ ಸಿಗುತ್ತಾರೆ?

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಬಡವರ ಆಸ್ಪತ್ರೆ ಖರ್ಚನ್ನು ಸರ್ಕಾರವೇ ಭರಿಸುವ ರಾಜೀವ್ ಆರೋಗ್ಯಶ್ರೀ ಯೋಜನೆ 2007ರ ಏಪ್ರಿಲ್ 1ರಂದು ಶುರುವಾದಾಗ ಮೊದಲು ಆರಿಸಿದ ಮೂರು ಹಿಂದುಳಿದ ಜಿಲ್ಲೆಗಳಲ್ಲಿ ನಮ್ಮ ಹಳೆಯ ಮಹಬೂಬ್‌ನಗರವೂ ಒಂದು. ಅನಂತಪುರ, ಶ್ರೀಕಾಕುಳಂ ಉಳಿದೆರಡು. ನಾರಾಯಣಪೇಟೆ, ಗದ್ವಾಲ, ಮಕ್ತಲ್ ಎಲ್ಲ ಆಗ ಮಹಬೂಬ್‌ನಗರದೊಳಗೇ ಇದ್ದವು. ಬೈಪಾಸ್ ಎಂದರೆ ಹೊಲ ಮಾರುವುದು ಎಂದಿದ್ದ ಕಾಲ ಅದರಿಂದ ಮುಗಿಯಿತು. 2023ರ ಡಿಸೆಂಬರ್ 9ರಂದು ತೆಲಂಗಾಣ ಸರ್ಕಾರ ಅದರ ಮಿತಿಯನ್ನು ಕುಟುಂಬಕ್ಕೆ 10 ಲಕ್ಷ ರೂಪಾಯಿಗೆ ಏರಿಸಿತು. ಕೃತಜ್ಞತೆ ಇದೆ. ಆದರೆ ಈ ಆರೋಗ್ಯಶ್ರೀ ಕಾರ್ಡು ಹುಟ್ಟಿದ್ದು ಆಸ್ಪತ್ರೆಯ ಮಂಚಕ್ಕಾಗಿ. ಕೆಲವು ಶಸ್ತ್ರಚಿಕಿತ್ಸೆಗಳ ನಂತರ ಒಂದು ವರ್ಷದ ಔಷಧ ಕೊಡುವ ಏರ್ಪಾಡು ಅದರಲ್ಲಿದೆ. ಸ್ಟೆಂಟೂ ಬೇಡ, ಬೈಪಾಸೂ ಬೇಡ, ಗುಳಿಗೆ ಮೇಲೆಯೇ ಬದುಕಬೇಕು ಎಂದು ಡಾಕ್ಟರು ಹೇಳಿದ ರೋಗಿ ಮಂಚದಿಂದ ಇಳಿದ ದಿನವೇ ಕಾರ್ಡಿನ ಕಣ್ಣಿಗೆ ಕಾಣದವನಾಗುತ್ತಾನೆ. ಹೃದಯ ವೈಫಲ್ಯದವರಲ್ಲಿ ಬಹಳ ಮಂದಿ ಇಂಥವರು. ದಮ್ಮು ಹತ್ತಿ ಮತ್ತೆ ಐಸಿಯು ಸೇರಿದರೆ ಕಾರ್ಡು ಮತ್ತೆ ಕಣ್ಣು ತೆರೆಯುತ್ತದೆ. ಐಸಿಯುದಲ್ಲಿ ಕೆಲವೇ ದಿನಕ್ಕೆ ಕರಗುವ ದುಡ್ಡಿನಲ್ಲಿ ಅವರ ವರ್ಷದ ಗುಳಿಗೆ ಬರುತ್ತಿತ್ತು.

ತಿಂಗಳ ಗುಳಿಗೆ ಕೊಡುವುದು ಸರ್ಕಾರಕ್ಕೆ ಹೊಸ ಕೆಲಸವೂ ಅಲ್ಲ. ಕಿಡ್ನಿ ಬದಲಿ ಮಾಡಿಸಿಕೊಂಡವರಿಗೆ ಜೀವನವಿಡೀ ಬೇಕಾಗುವ ದುಬಾರಿ ಔಷಧವನ್ನು ತೆಲಂಗಾಣ ಉಚಿತವಾಗಿ ಕೊಡುತ್ತಿದೆ. ಡಯಾಲಿಸಿಸ್ ರೋಗಿಗಳಿಗೆ ಸರ್ಕಾರದ ಪಿಂಚಣಿ ಇದೆ. ಬಿಪಿ, ಶುಗರ್ ಇದ್ದವರಿಗೆ ಆಶಾ ಕಾರ್ಯಕರ್ತೆಯರ ಮೂಲಕ ತಿಂಗಳ ಗುಳಿಗೆಯ ಕಿಟ್ ಕೊಡುವ ಪದ್ಧತಿ 2022ರಿಂದ ಇದೆ. ಆ ಚೀಲಕ್ಕೆ ಹೃದಯ ವೈಫಲ್ಯದ ನಾಲ್ಕು ಗುಳಿಗೆ ಸೇರಿಸುವುದು ಅಸಾಧ್ಯವೇ?

ಮೊದಲು ಬೆಲೆಯ ನೆಪವಾದರೂ ಇತ್ತು. ಈಗ ಅದೂ ಉಳಿದಿಲ್ಲ. ಡಾಪಾಗ್ಲಿಫ್ಲೊಜಿನ್ ಪೇಟೆಂಟ್ 2020ರಲ್ಲಿ ಮುಗಿಯಿತು. ಸಕುಬಿಟ್ರಿಲ್-ವಾಲ್ಸಾರ್ಟನ್ 2023ರಿಂದ ಹಲವು ಕಂಪನಿಗಳಿಂದ ಬರುತ್ತಿದೆ. ಡಾಪಾಗ್ಲಿಫ್ಲೊಜಿನ್ ಜಾತಿಯದೇ ಆದ ಎಂಪಾಗ್ಲಿಫ್ಲೊಜಿನ್ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿದದ್ದೇ ತಡ, ಸುಮಾರು 60 ರೂಪಾಯಿಯಿದ್ದ ಗುಳಿಗೆಯ ಬದಲಿಗೆ 10 ರೂಪಾಯಿ ಆಸುಪಾಸಿನ ಗುಳಿಗೆಗಳು ನನ್ನ ಕಪಾಟಿಗೆ ಬಂದವು. ಬೀಟಾ ಬ್ಲಾಕರ್, ಸ್ಪೈರೊನೊಲ್ಯಾಕ್ಟೋನ್ ಮೊದಲಿನಿಂದಲೂ ಅಗ್ಗ. ಸರ್ಕಾರ ಲಕ್ಷಗಟ್ಟಲೆ ಗುಳಿಗೆಯನ್ನು ಒಟ್ಟಿಗೆ ಟೆಂಡರಿನಲ್ಲಿ ಕೊಂಡರೆ ಬೆಲೆ ಇನ್ನೂ ಇಳಿಯುತ್ತದೆ. ಕಿಟ್ ಬಂದರೆ ನನ್ನ ಅಂಗಡಿಯ ವ್ಯಾಪಾರ ತಗ್ಗುತ್ತದೆ. ತಗ್ಗಲಿ. ಅರ್ಧ ಚೀಟಿಯ ಔಷಧ ಕಟ್ಟಿಕೊಟ್ಟು, ಮುಂದಿನ ತಿಂಗಳು ಆ ಮನುಷ್ಯ ಬರುತ್ತಾನೋ ಇಲ್ಲವೋ ಎಂದು ದಾರಿ ನೋಡುವ ವ್ಯಾಪಾರ ನನಗೆ ಬೇಡ.

ಗಡಿಯ ಗೋಳು ಇನ್ನೊಂದು. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯ ಬದಲಾಯಿತು, ಕಾಯಿಲೆ ಬಿದ್ದರೆ ಕಾಲು ತಿರುಗುವ ದಿಕ್ಕು ಬದಲಾಗಲಿಲ್ಲ. ಮಕ್ತಲ್‌ನವರಿಗೆ, ಗದ್ವಾಲದವರಿಗೆ ಇಂದಿಗೂ ರಾಯಚೂರು ಹತ್ತಿರ, ಮಾತೂ ನಂಟೂ ಅಲ್ಲಿವೆ. ನಾರಾಯಣಪೇಟೆಯವರಿಗೆ ಯಾದಗಿರಿ ಹತ್ತಿರ. ಅಲ್ಲಿಂದ ಮುಂದೆ ಕಲಬುರಗಿಯಲ್ಲಿ 2024ರ ಡಿಸೆಂಬರ್‌ನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ ತೆರೆದಿದೆ. 2023ರ ಅಕ್ಟೋಬರ್‌ನಲ್ಲಿ ಕೃಷ್ಣಾವರೆಗಿನ ಹೊಸ ರೈಲು ಮಾರ್ಗ ಉದ್ಘಾಟನೆಯಾಗಿ ಕಾಚಿಗುಡ-ರಾಯಚೂರು ಗಾಡಿ ಓಡತೊಡಗಿದ ಮೇಲೆ ರಾಯಚೂರು ಇನ್ನೂ ಸುಲಭವಾಗಿದೆ. ಆದರೆ ತೆಲಂಗಾಣದಲ್ಲಿ ಹೆಂಗಸರಿಗಿರುವ ಮಹಾಲಕ್ಷ್ಮಿ ಉಚಿತ ಬಸ್ಸು ರಾಜ್ಯದ ಗಡಿಗೆ ನಿಲ್ಲುತ್ತದೆ, ಅಂಥದ್ದೇ ಆದ ಕರ್ನಾಟಕದ ಶಕ್ತಿ ಯೋಜನೆ ಕರ್ನಾಟಕದವರಿಗೆ ಮಾತ್ರ. ನಮ್ಮ ಹೆಣ್ಣುಮಗಳು ಮಹಬೂಬ್‌ನಗರಕ್ಕೆ, ಹೈದರಾಬಾದಿಗೆ ಪುಕ್ಕಟೆ ಹೋಗಬಹುದು. ಹತ್ತಿರದ ರಾಯಚೂರಿಗೆ ಹೋಗಲು ಗಡಿಯಿಂದಾಚೆ ಟಿಕೆಟು ತೆಗೆಯಬೇಕು. ಆಯುಷ್ಮಾನ್ ಭಾರತ್ ಕಾರ್ಡು ದೇಶದ ಯಾವುದೇ ನೋಂದಾಯಿತ ಆಸ್ಪತ್ರೆಯಲ್ಲಿ ನಡೆಯಬೇಕೆಂಬುದು ನಿಯಮ, ತೆಲಂಗಾಣ 2021ರಲ್ಲಿ ಆ ಯೋಜನೆಗೆ ಸೇರಿದೆ. ಹಾಗಿದ್ದೂ ಗಡಿಯಾಚೆಯ ಆಸ್ಪತ್ರೆಯ ಕೌಂಟರಿನಲ್ಲಿ “ಇದು ತೆಲಂಗಾಣದ ಕಾರ್ಡು, ಇಲ್ಲಿ ನಡಿಯಂಗಿಲ್ಲ” ಎಂದು ಹೇಳಿ ಕಳಿಸಿದ್ದನ್ನು ನನ್ನ ಮನೆಯವರೇ ಅನುಭವಿಸಿದ್ದಾರೆ. ನನ್ನ ಸೋದರಮಾವನಿಗೆ ಆ ರಾತ್ರಿ ಕೈಸಾಲ ತಂದು ಅಡ್ವಾನ್ಸ್ ಕಟ್ಟಿದೆವು. ನಮಗೆ ಸಾಲ ಕೊಡುವವರಿದ್ದರು.

ಕೇಳುವುದು ದೊಡ್ಡದೇನಲ್ಲ. ರಾಯಚೂರು, ಯಾದಗಿರಿ, ಕಲಬುರಗಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ನಮ್ಮ ಗಡಿ ಮಂಡಲಗಳ ಕಾರ್ಡು ತಕರಾರಿಲ್ಲದೆ ನಡೆಯುವಂತೆ ಎರಡೂ ರಾಜ್ಯಗಳ ಆರೋಗ್ಯ ಇಲಾಖೆಗಳು ಕೂತು ಒಂದು ಆದೇಶ ಹೊರಡಿಸಲಿ. ಕೋಸ್ಗಿ, ಮದ್ದೂರು ಮಂಡಲಗಳು ಮುಖ್ಯಮಂತ್ರಿ ರೇವಂತ ರೆಡ್ಡಿಯವರ ಕೊಡಂಗಲ್ ಕ್ಷೇತ್ರದೊಳಗಿವೆ, ಅವು ನಮ್ಮ ನಾರಾಯಣಪೇಟೆ ಜಿಲ್ಲೆಯವೇ. ಈ ಜಿಲ್ಲೆಯ ಕಷ್ಟ ಅವರಿಗೆ ಬೇರೆಯವರು ಹೇಳಬೇಕಿಲ್ಲ. ಆರೋಗ್ಯ ಸಚಿವ ದಾಮೋದರ ರಾಜನರಸಿಂಹ ಅವರು ಬಿಪಿ-ಶುಗರ್ ಕಿಟ್ಟಿಗೆ ಹೃದಯ ವೈಫಲ್ಯದ ಗುಳಿಗೆಗಳನ್ನು ಸೇರಿಸುವ ಪ್ರಯೋಗವನ್ನು ನಾರಾಯಣಪೇಟೆ, ಗದ್ವಾಲ ಈ ಎರಡು ಜಿಲ್ಲೆಗಳಲ್ಲಿ ಮೊದಲು ಮಾಡಿಸಲಿ. ಆರೋಗ್ಯಶ್ರೀ ಶುರುವಾದದ್ದೂ ಹೀಗೆ ಹಿಂದುಳಿದ ಜಿಲ್ಲೆಗಳಿಂದಲೇ. ಕಿಟ್ಟಿನ ಚೀಲದ ಮೇಲೆ ಸೂರ್ಯ ಚಂದ್ರರ ಚಿತ್ರ ಇರಲಿ, ಕನ್ನಡ ತೆಲುಗು ಎರಡರಲ್ಲೂ ಬರೆದಿರಲಿ. ಶೀಟು ಕತ್ತರಿಸದೆ ಇಡೀ ತಿಂಗಳದ್ದು ಇರಲಿ. ಆಶಾ ಕಾರ್ಯಕರ್ತೆಗೆ ಒಂದು ತೂಕದ ಕಾಂಟಾ ಕೊಡಲಿ.

ನಾರಾಯಣಪೇಟೆಯಲ್ಲೂ ಗದ್ವಾಲದಲ್ಲೂ 2024ರಿಂದ ತಲಾ 50 ಸೀಟುಗಳ ಸರ್ಕಾರಿ ಮೆಡಿಕಲ್ ಕಾಲೇಜು ನಡೆಯುತ್ತಿವೆ. ಅವುಗಳಿಗೆ ಸೇರಿದ ಆಸ್ಪತ್ರೆಯಲ್ಲಿ ಹೃದಯ ವೈಫಲ್ಯದವರಿಗಾಗಿ ವಾರಕ್ಕೊಂದು ದಿನ ಬೇರೆ ಹೊರರೋಗಿ ವಿಭಾಗ ತೆರೆಯಬೇಕು. ಒಬ್ಬ ಫಿಜಿಶಿಯನ್, ಒಂದು ಎಕೋ ಯಂತ್ರ, ಕನ್ನಡವೂ ತೆಲುಗೂ ಬರುವ ಒಬ್ಬ ನರ್ಸಮ್ಮ ಇದ್ದರೆ ನಡೆಯುತ್ತದೆ. ಮೊದಲ ಸಲ ಬಿಡುಗಡೆಯಾದವರನ್ನು ಹದಿನೈದು ದಿನದೊಳಗೆ ಕರೆಸಿ, ಗುಳಿಗೆಯ ಪೊಟ್ಟಣ ತಂದು ತೋರಿಸಿ ಎನ್ನಬೇಕು. ಬಾರದವರ ಮನೆಗೆ ಆಶಾ ಹೋಗಿ ಕೇಳಬೇಕು. ಹೊರರೋಗಿ ವಿಭಾಗದ ಆ ದಿನವನ್ನು ಊರಿನ ಸಂತೆಯ ದಿನವೇ ಇಡಲಿ. ಸಂತೆಗೆ ಹೇಗೂ ಗಾಡಿ ಬರುತ್ತವೆ, ಆ ದಿನದ ಕೂಲಿ ಹೇಗೂ ಬಿಟ್ಟಿರುತ್ತಾರೆ, ಸೊಸೆ ಚೀಲ ಹಿಡಿದು ಹೇಗೂ ಜೊತೆಗಿರುತ್ತಾಳೆ.